ಮಾತು ಬಿಡ ಮಂಜುನಾಥ: ಹಾಸನದಿಂದ ಧರ್ಮಸ್ಥಳಕ್ಕೆ ಐದು ದಿನ

ಹೊರಡುವ ಹಿಂದಿನ ದಿನ

ಮುಡಿಪು ದೇವರ ಗೂಡಿನಲ್ಲಿ ಮೂರು ವರ್ಷದಿಂದ ಬಿದ್ದಿತ್ತು. ಅರಿಶಿನದಲ್ಲಿ ಅದ್ದಿದ ಬಟ್ಟೆ ಚೂರು, ಒಳಗೆ ಒಂದು ರೂಪಾಯಿ ನಾಣ್ಯ, ಮೇಲೆ ಮೂರು ಗಂಟು. ಬಟ್ಟೆ ಒಣಗಿ ಹಪ್ಪಳದ ಥರ ಆಗಿತ್ತು. ಅಮ್ಮ ಅದನ್ನು ತೆಗೆದು ನನ್ನ ಕೈಗಿಟ್ಟು, "ಈ ಸಲನಾದ್ರೂ ಮುಟ್ಟಿಸು" ಅಂದಳು.

ಅದು 2021ರ ಮೇ ತಿಂಗಳ ಮುಡಿಪು. ಕೊರೊನಾ ಎರಡನೇ ಅಲೆ. ನನ್ನ ಹೆಂಡತಿಗೆ ಬಿಪಿ ಏರಿ, 30 ವಾರಕ್ಕೇ ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣು ಮಗು, ತೂಕ 1,180 ಗ್ರಾಂ. ಅಂಗಡಿಯಲ್ಲಿ ಒಂದು ಕೆಜಿ ಸಕ್ಕರೆ ಪೊಟ್ಟಣ ಕೈಗೆತ್ತಿಕೊಂಡರೆ ಇವತ್ತಿಗೂ ನನಗೆ ಅದೇ ನೆನಪಾಗುತ್ತದೆ. ಹೆಂಡತಿ ಒಂದು ವಾರ್ಡಿನಲ್ಲಿ, ಮಗು ಗಾಜಿನ ಪೆಟ್ಟಿಗೆಯಲ್ಲಿ, ನಾನು ಕಾರಿಡಾರಿನಲ್ಲಿ. ಹೊರಗೆ ಲಾಕ್‌ಡೌನ್. ನೆಂಟರಿಷ್ಟರು ಯಾರೂ ಬರುವ ಹಾಗಿಲ್ಲ. ದೇವಸ್ಥಾನಗಳಿಗೂ ಬೀಗ.

ಹುಟ್ಟಿದ ನಾಲ್ಕನೇ ರಾತ್ರಿ ಮಗು ಉಸಿರಾಡುವುದನ್ನೇ ಮರೆಯತೊಡಗಿತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಹೀಗಾಗುತ್ತದಂತೆ. ಮೆಷಿನ್ ಕೂಗಿಕೊಳ್ಳುತ್ತದೆ, ನರ್ಸ್ ಬಂದು ಅಂಗಾಲು ತಟ್ಟುತ್ತಾರೆ, ಮಗು ಮತ್ತೆ ಉಸಿರು ಎಳೆದುಕೊಳ್ಳುತ್ತದೆ. ಆ ರಾತ್ರಿ ಎಷ್ಟು ಸಲ ಕೂಗಿತೋ ಲೆಕ್ಕ ಇಡಲಿಲ್ಲ. ಎದುರಿನ ಗೋಡೆಗೆ ಯಾವುದೋ ಬ್ಯಾಂಕಿನ ಕ್ಯಾಲೆಂಡರ್ ನೇತುಹಾಕಿದ್ದರು. ಅದರಲ್ಲಿ ಮಂಜುನಾಥ ಸ್ವಾಮಿಯ ಪಟ. ಅದಕ್ಕೇ ಕೈಮುಗಿದು, "ಇವಳನ್ನು ಉಳಿಸಿಕೊಡು, ನಡ್ಕೊಂಡು ಬರ್ತೀನಿ" ಅಂದುಬಿಟ್ಟೆ. ಸಂಕಟ ಬಂದಾಗ ವೆಂಕಟರಮಣ ಅಂತಾರಲ್ಲ, ಅದೇ. ಅಲ್ಲಿಯವರೆಗೆ ಹರಕೆ ಹೊರುವವರನ್ನು ಕಂಡರೆ ನಗುತ್ತಿದ್ದವನು ನಾನು. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ಊರಿನಲ್ಲಿ ಮುಡಿಪು ಕಟ್ಟಿದಳು.

ಮಗು ಉಳಿಯಿತು. 41 ದಿನಕ್ಕೆ ಮನೆಗೆ ಬಂತು. ನಾನು ಅಂಗಡಿ, ಸಾಲ, ಮಂಡಿನೋವು ಅಂತ ಒಂದೊಂದು ವರ್ಷ ಒಂದೊಂದು ನೆಪ ಹೇಳಿಕೊಂಡು ಬಂದೆ. 2024ರ ಜನವರಿಯಲ್ಲಿ ಮಗಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಡಾಕ್ಟರು, ಚಿಕ್ಕ ಮಕ್ಕಳಲ್ಲಿ ಇದು ಮಾಮೂಲು, ದೊಡ್ಡವಳಾಗುತ್ತಾ ಸರಿಹೋಗುತ್ತದೆ ಅಂದರು. ಅಮ್ಮ ಮಾತ್ರ "ಹರಕೆ ಬಾಕಿ ಉಳಿಸ್ಕೊಂಡ್ರೆ ಇನ್ನೇನಾಯ್ತದೆ?" ಅಂದಳು. ಆ ಮಾತು ನನಗೆ ಇಷ್ಟವಾಗಲಿಲ್ಲ. ದೇವರೇನು ಸಾಲ ವಸೂಲಿಗೆ ಬರುವ ಫೈನಾನ್ಸಿನವನೇ? ಮೂರು ವರ್ಷದ ಮಗುವಿನ ಮೈ ಸುಟ್ಟು ನನಗೆ ನೋಟಿಸು ಕೊಡುತ್ತಾನೆಯೇ? ಹೀಗೆಲ್ಲ ವಾದ ಮಾಡಿದೆ. ವಾದ ಮುಗಿಸಿ, ಶಿವರಾತ್ರಿಗೆ ಹೊರಡುವ ಗುಂಪಿಗೆ ಹೆಸರು ಕೊಟ್ಟು ಬಂದೆ.

ಮೊದಲ ದಿನ, ಮಾರ್ಚ್ 4, ಸೋಮವಾರ

ಬೆಳಗಿನ ಜಾವ ನಾಲ್ಕಕ್ಕೆ ಹಾಸನ ಬಿಟ್ಟೆವು. ನಾವು 26 ಜನ, ಸಾಮಾನು ಹೊರಲು ಒಂದು ಟೆಂಪೊ. ಸಕಲೇಶಪುರದ ಮೇಲೆ ಶಿರಾಡಿ ಇಳಿದರೆ ಹತ್ತಿರ. ಆದರೆ ಅಲ್ಲಿ ಲಾರಿ ಕಾಟ ಜಾಸ್ತಿ. ಅದಕ್ಕೇ ನಮ್ಮ ಗುಂಪಿನ ಯಜಮಾನರು ಪ್ರತಿ ವರ್ಷ ಬೇಲೂರು, ಮೂಡಿಗೆರೆ, ಚಾರ್ಮಾಡಿ ದಾರಿಯನ್ನೇ ಹಿಡಿಯುತ್ತಾರೆ. ಸುಮಾರು 130 ಕಿಲೋಮೀಟರ್. ಯಜಮಾನರಿಗೆ ಇದು 19ನೇ ಪಾದಯಾತ್ರೆ. ಅವರು ಹೇಳಿದ ನಿಯಮ ಎರಡೇ: ರಸ್ತೆಯ ಬಲಗಡೆ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ನಡೆಯಬೇಕು. ಬೊಬ್ಬೆ ಎದ್ದರೆ ಮುಚ್ಚಿಡಬಾರದು, ಹೇಳಬೇಕು.

2023ರಲ್ಲಿ ಮಳೆ ಕೈಕೊಟ್ಟು ಬರಗಾಲ ಬಿದ್ದಿತ್ತಲ್ಲ, ದಾರಿಯುದ್ದಕ್ಕೂ ಅದು ಕಾಣುತ್ತಿತ್ತು. ಕೆರೆಗಳ ತಳ ಬಿರುಕು ಬಿಟ್ಟಿತ್ತು. ಹತ್ತು ಗಂಟೆಗೇ ಡಾಂಬರು ಕಾದು ಶೂ ಒಳಗೆ ಕಾಲು ಬೇಯುತ್ತಿತ್ತು. ಇಷ್ಟಿದ್ದರೂ ಊರೂರಿನಲ್ಲಿ ಜನ ಶಾಮಿಯಾನ ಹಾಕಿಕೊಂಡು ಕಾಯುತ್ತಿದ್ದರು. ಮಜ್ಜಿಗೆ, ಪಾನಕ, ಕಲ್ಲಂಗಡಿ. ಒಂದು ಕಡೆ ಮಜ್ಜಿಗೆ ಬೇಡ ಅಂದಿದ್ದಕ್ಕೆ ಒಬ್ಬ ಹುಡುಗ ಮುಖ ಸಣ್ಣ ಮಾಡಿಕೊಂಡ. ವಾಪಸ್ ಹೋಗಿ ಕುಡಿದೆ.

ಗುಂಪಿನಲ್ಲಿ ಹೊಳೆನರಸೀಪುರದ ಕಡೆಯ ಒಬ್ಬ ಅಜ್ಜಿ ಇದ್ದರು. ಅರವತ್ತರ ಮೇಲಾಗಿದೆ. ಕಾಲಿಗೆ ಹವಾಯಿ ಚಪ್ಪಲಿ, ಹೆಗಲಿಗೆ ಗೊಬ್ಬರದ ಚೀಲ ಹೊಲಿದು ಮಾಡಿದ ಕೈಚೀಲ, ಅದರೊಳಗೆ ರಾಗಿ ಹುರಿಹಿಟ್ಟು. ನಾನು ಮೂರು ಸಾವಿರ ಕೊಟ್ಟು ಶೂ ತಗೊಂಡಿದ್ದೆ. ಹಗರೆ ಬರುವಷ್ಟರಲ್ಲಿ ಅಜ್ಜಿ ನನಗಿಂತ ಅರ್ಧ ಫರ್ಲಾಂಗು ಮುಂದಿದ್ದರು.

ರಾತ್ರಿ ಒಂದು ಶಾಲೆಯ ಜಗಲಿಯಲ್ಲಿ ಮಲಗಿದೆವು. ಬಲಗಾಲಿನ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಬೊಬ್ಬೆ ಎದ್ದಿತ್ತು. ಯಜಮಾನರು ಸೂಜಿಗೆ ದಾರ ಪೋಣಿಸಿ, ಬೆಂಕಿಗೆ ಹಿಡಿದು, ಬೊಬ್ಬೆಯ ಈ ಕಡೆಯಿಂದ ಚುಚ್ಚಿ ಆ ಕಡೆ ತೆಗೆದರು. ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸಿದರು. ನೀರು ದಾರದ ಗುಂಟ ಇಳಿದುಹೋಯಿತು. ಡಾಕ್ಟರುಗಳು ಇದನ್ನು ಒಪ್ಪುವುದಿಲ್ಲ, ನಂಜಾಗಬಹುದು. ಗೊತ್ತಿದ್ದೂ ಕಾಲು ಕೊಟ್ಟೆ.

ಎರಡನೇ ದಿನ, ಮಾರ್ಚ್ 5

ಈ ದಿನದ ಬಗ್ಗೆ ಹೇಳುವುದು ಕಡಿಮೆ. ಬೇಲೂರಿನಲ್ಲಿ ಚೆನ್ನಕೇಶವನಿಗೆ ಗೋಪುರದ ಹೊರಗಿನಿಂದಲೇ ಕೈಮುಗಿದೆವು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಮಗೆ ಮಾತ್ರ ಅಲ್ಲಿ ಬೇಕಾಗಿದ್ದು ನೆರಳು ಮತ್ತು ನಲ್ಲಿ ನೀರು. ಯಗಚಿ ದಾಟಿ ಮೂಡಿಗೆರೆ ರಸ್ತೆ ಹಿಡಿದೆವು. ಮಧ್ಯಾಹ್ನ ಎರಡೂ ಮಂಡಿ ಒಟ್ಟಿಗೇ ಮುಷ್ಕರ ಹೂಡಿದವು. ಬಸ್ಸು ಬಂದಾಗಲೆಲ್ಲ ಅದರ ಬೋರ್ಡು ಓದುತ್ತಿದ್ದೆ.

ಗುಂಪಿನ ಹುಡುಗರು ಸ್ಪೀಕರ್‌ನಲ್ಲಿ ಡಿಜೆ ಹಾಡು ಹಾಕಿ ಕುಣಿಯುತ್ತಾ ಬರುತ್ತಿದ್ದರು. ಭಕ್ತಿಗೀತೆಯ ಸಾಲು, ಕೆಳಗೆ ಮದುವೆ ಮೆರವಣಿಗೆಯ ತಾಳ. ಮೊದಲು ಸಿಟ್ಟು ಬಂತು. ಸಂಜೆಯ ಹೊತ್ತಿಗೆ ನನ್ನ ಕಾಲೂ ಅದೇ ತಾಳಕ್ಕೆ ಬೀಳುತ್ತಿತ್ತು, ಸುಳ್ಳೇಕೆ ಹೇಳಲಿ.

ಮೂರನೇ ದಿನ, ಮಾರ್ಚ್ 6

ಮೂಡಿಗೆರೆಯ ಕಡೆ ಬಂದರೆ ಗಾಳಿಯೇ ಬೇರೆ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ನೀರಿದ್ದವರು ಸ್ಪ್ರಿಂಕ್ಲರ್ ಹಾಕಿದ್ದರು. ಅಂಥ ಒಂದು ತೋಟದಲ್ಲಿ ರೊಬಸ್ಟಾ ಗಿಡಗಳು ಹೂ ಬಿಟ್ಟು, ರೆಂಬೆ ಮೇಲೆ ಯಾರೋ ಮೊಸರನ್ನ ಮೆತ್ತಿದ ಹಾಗೆ ಕಾಣುತ್ತಿದ್ದವು. ಮಲ್ಲಿಗೆಯಂಥ ವಾಸನೆ.

ಅಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಮಗಳಿಗೆ ಉಸಿರು ನೆನಪು ಮಾಡಿಕೊಡಲು ಆಸ್ಪತ್ರೆಯಲ್ಲಿ ಒಂದು ಔಷಧಿ ಕೊಡುತ್ತಿದ್ದರು. ಏನದು ಅಂತ ಕೇಳಿದ್ದಕ್ಕೆ ನರ್ಸ್ ನಕ್ಕು, "ಕೆಫೀನ್ ಸರ್, ನಿಮ್ಮ ಕಾಫಿಯಲ್ಲಿ ಇರುತ್ತಲ್ಲ, ಅದೇ" ಅಂದಿದ್ದರು. ಆ 41 ದಿನದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ ಇರಬೇಕು. ಅಷ್ಟು ಚಿಕ್ಕ ಜೀವಕ್ಕೆ ಕಾಫಿ!

ಬಣಕಲ್ ದಾಟಿ ಸಂಜೆ ಕೊಟ್ಟಿಗೆಹಾರ ತಲುಪಿದೆವು. ಅಲ್ಲಿಯ ನೀರುದೋಸೆಯ ಹೆಸರು ಘಾಟಿ ಹತ್ತಿ ಇಳಿಯುವವರಿಗೆಲ್ಲ ಗೊತ್ತು. ನಾನು ಆರು ತಿಂದೆ, ಏಳನೆಯದಕ್ಕೆ ಕೈಹಾಕಿದ್ದೆ, ಫೋನ್ ಬಂತು.

"ಪಾಪುಗೆ ಜ್ವರ" ಅಂದಳು ಹೆಂಡತಿ. "102 ಇದೆ."

ದೋಸೆ ಗಂಟಲಲ್ಲೇ ಉಳಿಯಿತು. ಜನವರಿಯ ರಾತ್ರಿ ಕಣ್ಮುಂದೆ ಬಂತು. ಸೆಟೆದ ಕೈಕಾಲು, ಮೇಲಕ್ಕೆ ತಿರುಗಿದ ಕಣ್ಣು. "ಈಗಲೇ ಬಸ್ ಹತ್ತುತೀನಿ" ಅಂದೆ. ಅವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಅಂದಳು: "ಬಂದು ಏನ್ ಮಾಡ್ತೀಯ? ಸಿರಪ್ ಕೊಟ್ಟಿದೀನಿ. ಉಗುರುಬೆಚ್ಚನೆ ನೀರಲ್ಲಿ ಮೈ ಒರೆಸ್ತಾ ಇದೀನಿ. ಫಿಟ್ಸ್ ಬಂದ್ರೆ ಮಗ್ಗುಲಿಗೆ ಮಲಗಿಸ್ಬೇಕು, ಬಾಯಿಗೆ ಏನೂ ಹಾಕ್ಬಾರ್ದು, ಐದು ನಿಮಿಷ ದಾಟಿದ್ರೆ ಆಸ್ಪತ್ರೆ. ಎಲ್ಲಾ ಗೊತ್ತು ನಂಗೆ. ತಮ್ಮ ಕಾರ್ ತಂದು ಇಟ್ಟಿದಾನೆ. ನೀನು ನಡಿ."

ಅವಳಿಗೆ ಭಯ ಇರಲಿಲ್ಲ ಅಂತಲ್ಲ. ದನಿ ಗೊತ್ತಾಗುತ್ತಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಮುಡಿಪನ್ನು ಜೇಬಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹರಕೆ ತೀರಿಸಲು ಹೊರಟವನಿಗೇ ಹೀಗಾ? ಹೋಗದಿದ್ದರೂ ಜ್ವರ, ಹೋದರೂ ಜ್ವರ. ನಾನು ದೇವರಿಗೆ ಹೆದರುತ್ತಿದ್ದೇನಾ, ಹೆದರಿಕೆಗೆ ದೇವರ ಹತ್ತಿರ ಹೋಗುತ್ತಿದ್ದೇನಾ? ಎರಡೂ ಒಂದೇ ಗಂಟಿನೊಳಗಿತ್ತು.

ನಾಲ್ಕನೇ ದಿನ, ಮಾರ್ಚ್ 7

ನಾಲ್ಕೂವರೆಗೆ ಘಾಟಿ ಇಳಿಯಲು ಶುರು. 20ಕ್ಕೂ ಜಾಸ್ತಿ ಕಿಲೋಮೀಟರ್ ಬರೀ ಇಳಿಜಾರು, ತಿರುವು, ಕಾಡು. ಶಿವರಾತ್ರಿಯ ಹಿಂದುಮುಂದಿನ ಕತ್ತಲು ಅಂದರೆ ಕೇಳಬೇಕೇ. ಹೊರಡುವಾಗ ಹೆಂಡತಿಯ ಮೆಸೇಜು ನೋಡಿದ್ದೆ: "101. ಮಲಗಿದ್ದಾಳೆ." ಎರಡು ತಿರುವು ಕಳೆದಂತೆ ಫೋನಿನ ನೆಟ್‌ವರ್ಕ್ ಕಡ್ಡಿ ಒಂದೊಂದಾಗಿ ಹೋಗಿ ಕೊನೆಗೆ ಏನೂ ಉಳಿಯಲಿಲ್ಲ.

ಇಳಿಜಾರು ಸುಲಭ ಅಂದುಕೊಂಡಿದ್ದು ತಪ್ಪು. ಕಾಲಿನ ಉಗುರುಗಳು ಶೂ ತುದಿಗೆ ಹೋಗಿ ಗುದ್ದುತ್ತವೆ. ತೊಡೆ ನಡುಗುತ್ತದೆ. 2019ರ ಮಳೆಗೆ ಗುಡ್ಡ ಕುಸಿದು ಈ ರಸ್ತೆ ಬಂದ್ ಆಗಿತ್ತು. ಮಣ್ಣು ಜಾರಿದ ಗುರುತು ಟಾರ್ಚ್ ಬೆಳಕಿನಲ್ಲಿ ಅಲ್ಲಲ್ಲಿ ಕಾಣುತ್ತಿತ್ತು.

ಒಂದು ತಿರುವಿನಲ್ಲಿ ಮೇಲಿನ ಕಾಡಿನೊಳಗೆ ಲಟಲಟ ಅಂತ ಏನೋ ಮುರಿದ ಸದ್ದು. ಯಾರೋ "ಆನೆ" ಅಂದರು. ಅಷ್ಟೇ. ಇಪ್ಪತ್ತಾರು ಜನ ಕಲ್ಲಾದೆವು. ಯಾರ ಬಾಯಿಂದಲೂ ಜೈಕಾರ ಇಲ್ಲ. ನನ್ನ ಬಾಯಿ ಮಾತ್ರ ನನ್ನನ್ನು ಕೇಳದೆ "ಮಂಜುನಾಥ, ಮಂಜುನಾಥ" ಅನ್ನುತ್ತಿತ್ತು. ಕಾರಿಡಾರಿನಲ್ಲಿ ಅಂದ ಹಾಗೇ. ಕೆಫೀನ್ ಬೇಕಾಗದೆ ನೆನಪಾಗುವ ಉಸಿರಿನ ಹಾಗೆ. ಐದಾರು ನಿಮಿಷ ಕಳೆದರೂ ಏನೂ ಬರಲಿಲ್ಲ. ಆನೆಯೋ, ಒಣಗಿದ ಬಿದಿರೋ, ಇವತ್ತಿಗೂ ಗೊತ್ತಿಲ್ಲ. ಡಿಜೆ ಹುಡುಗರಲ್ಲಿ ಒಬ್ಬ ಆಗಲೇ ಟೆಂಪೊದೊಳಗೆ ಕೂತಿದ್ದ.

ಬೆಳಕು ಹರಿಯುವಾಗ ಅಣ್ಣಪ್ಪ ಸ್ವಾಮಿ ಗುಡಿ ಬಂತು. ಘಾಟಿಯಲ್ಲಿ ಹೋಗುವ ಬಸ್ಸು, ಜೀಪು ಎಲ್ಲ ಅಲ್ಲಿ ನಿಂತು ಕಾಸು ಹಾಕಿ ಮುಂದೆ ಹೋಗುತ್ತವೆ. ಕದ್ರಿಯಿಂದ ಲಿಂಗವನ್ನು ಧರ್ಮಸ್ಥಳಕ್ಕೆ ತಂದವನು ಅಣ್ಣಪ್ಪನೇ ಅನ್ನುವುದು ಆ ಕಡೆಯ ನಂಬಿಕೆ. ನಾನೂ ಹತ್ತು ರೂಪಾಯಿ ಹಾಕಿ ಕಟ್ಟೆ ಮೇಲೆ ಕೂತೆ. ಪಕ್ಕದಲ್ಲಿ ಅಜ್ಜಿ, ಹುರಿಹಿಟ್ಟಿಗೆ ನೀರು ಬೆಲ್ಲ ಕಲಸುತ್ತಿದ್ದರು. ಅರ್ಧ ಉಂಡೆ ನನ್ನ ಕೈಗೆ ಹಾಕಿದರು.

"ಯಾಕ್ ಮಗ, ಅವಾಗಿಂದ ಫೋನೇ ನೋಡ್ತಿದೀಯ?"

ಹೇಳಿದೆ. ಮಗಳು, ಜ್ವರ, ಹರಕೆ, ಮೂರು ವರ್ಷದ ಬಾಕಿ, ಎಲ್ಲ. ಅಜ್ಜಿ ಸಮಾಧಾನ ಏನೂ ಹೇಳಲಿಲ್ಲ. ನಾನೇ ಮಾತಿಗೆ, "ನಿಮ್ಮದೇನಜ್ಜಿ ಹರಕೆ?" ಅಂದೆ.

"ನಂದು ಹರಕೆ ಅಲ್ಲ ಕಣಪ್ಪ. ಆಗ ಹೊತ್ಕಂಡಿದ್ದೆ. ಮಗ ಬೈಕಲ್ಲಿ ಬಿದ್ದು ಆಸ್ಪತ್ರೇಲಿ ಒಂಬತ್ತು ದಿನ ಇದ್ದ. ಉಳೀಲಿಲ್ಲ."

ಏನು ಹೇಳಬೇಕೋ ತಿಳಿಯಲಿಲ್ಲ. ಆದರೆ ಕೇಳದೆ ಇರಲೂ ಆಗಲಿಲ್ಲ. "ಆದ್ರೂ ಬರ್ತೀರಲ್ಲ?"

ಅಜ್ಜಿ ಚಪ್ಪಲಿ ಕಳಚಿ, ಅದರ ಅಡಿಗೆ ಸಿಕ್ಕಿದ್ದ ಜಲ್ಲಿಕಲ್ಲನ್ನು ಉಗುರಿನಿಂದ ಎಬ್ಬಿದರು. "ಆ ಒಂಬತ್ತ್ ರಾತ್ರೀಲಿ ನನ್ ಜೊತೆ ಯಾರಿದ್ರು? ನೆಂಟ್ರು ಬಂದ್ರು, ಬಾಳೆಹಣ್ಣ್ ಕೊಟ್ರು, ಹೋದ್ರು. ರಾತ್ರಿಯೆಲ್ಲ ಇವನ ಜೊತೇಲೇ ಮಾತಾಡ್ತಿದ್ದೆ. ಬೈದಿದೀನಿ, ಕಾಲ್ ಹಿಡ್ದಿದೀನಿ. ಈಗ ಕೆಲಸ ಆಗಲಿಲ್ಲ ಅಂತ ಮಾತು ಬಿಡಕ್ಕಾಯ್ತದಾ?"

ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ. ಈ ಗಾದೆಯನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಕೊಟ್ಟ ಮಾತನ್ನು ವಸೂಲು ಮಾಡದೆ ಬಿಡುವುದಿಲ್ಲ ಅಂತಲೇ ನಮ್ಮ ಕಡೆ ಅದರ ಅರ್ಥ. ಮಂಜುನಾಥನ ಮೇಲೆ ಆಣೆ ಹಾಕು ಅಂದರೆ ಎಂಥ ಪುಂಡನೂ ಹಿಂದೆ ಸರಿಯುತ್ತಾನೆ. ಆದರೆ ಮಾತು ಬಿಡುವುದು ಅಂದರೆ ಮುನಿಸಿಕೊಂಡು ಮಾತಾಡಿಸದೆ ಇರುವುದು ಅಂತಲೂ ಅರ್ಥ ಇದೆಯಲ್ಲ? ಅದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿಗೆ ಇದನ್ನು ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಎದ್ದು ಸೆರಗು ಕಟ್ಟಿ ಹೊರಟೇಬಿಟ್ಟಿದ್ದರು.

ಅಲ್ಲಿಂದ ಕೆಳಗೆ ಮೂರು ಗಂಟೆ ಫೋನ್ ತೆಗೆಯಲಿಲ್ಲ. ತೆಗೆದರೂ ಸಿಗ್ನಲ್ ಇರಲಿಲ್ಲ ಬಿಡಿ. ಭಯ ಹೋಗಿರಲಿಲ್ಲ. ಆದರೆ ಅದನ್ನು ಒಳಗೇ ಕುದಿಸುವುದನ್ನು ಬಿಟ್ಟು, ಬಾಯಿಬಿಟ್ಟು ಹೇಳುತ್ತಾ ನಡೆದೆ. ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ. ಈಗ ಎಷ್ಟಿದೆ ಜ್ವರ? ಅವಳು ನಿದ್ದೆಗೆಟ್ಟಿದ್ದಾಳೆ, ಅವಳನ್ನೂ ನೋಡಿಕೋ. ನನಗೆ ಕೋಪ ಇದೆ ನಿನ್ನ ಮೇಲೆ. ಮೂರು ವರ್ಷ ಬರಲಿಲ್ಲ, ತಪ್ಪಾಯ್ತು. ಹೀಗೆ ಏನೇನೋ. ಉತ್ತರ ಬರಲಿಲ್ಲ. ಕಾಲು ಮಾತ್ರ ನಡೆಯುತ್ತಿತ್ತು.

ಕೆಳಗಿಳಿದರೆ ಸೆಖೆ ಮುಖಕ್ಕೆ ರಾಚಿತು. ಅಡಿಕೆ ತೋಟ, ತೆಂಗು, ತುಳು ಮಾತು. ಚಾರ್ಮಾಡಿಯ ಮಗ್ಗುಲಲ್ಲಿ ಒಂದು ಹೊಳೆ ಹರಿಯುತ್ತದೆ, ಮುಂದೆ ಹೋಗಿ ನೇತ್ರಾವತಿಗೆ ಸೇರುತ್ತದೆ. ಹೆಸರೇನು ಅಂತ ಅಂಗಡಿಯವರನ್ನು ಕೇಳಿದೆ. "ಮೃತ್ಯುಂಜಯ" ಅಂದರು. ಬೇಸಿಗೆಗೆ ಸೊರಗಿ ಬಂಡೆಗಳ ನಡುವೆ ದಾರದಷ್ಟು ನೀರು. ಹೆಸರು ಅಷ್ಟು ದೊಡ್ಡದು.

ಕಕ್ಕಿಂಜೆಯ ಹತ್ತಿರ ಫೋನ್ ಒಂದೇ ಸಮನೆ ಟಣ್ ಟಣ್ ಅಂತು. ಐದು ಮೆಸೇಜು. ಕೊನೆಯದನ್ನೇ ಮೊದಲು ತೆಗೆದೆ: "ಜ್ವರ ಬಿಟ್ಟಿದೆ. ಅರ್ಧ ದೋಸೆ ತಿಂದಳು. ಇನ್ನರ್ಧ ಗೋಡೆಗೆ ಅಂಟಿಸಿದ್ದಾಳೆ."

ಜ್ವರ ಇಳಿಸಿದ್ದು ಸಿರಪ್ಪು, ಮತ್ತು ರಾತ್ರಿಯೆಲ್ಲ ಮೈ ಒರೆಸಿದ ಅವಳಮ್ಮ. ಅದು ನನಗೆ ಗೊತ್ತು. ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತು ಅತ್ತಿದ್ದೂ ನಿಜ. ಅಜ್ಜಿಗೆ ಮೆಸೇಜು ಓದಿ ಹೇಳಿದೆ. "ಗ್ವಾಡೆಗೆ ಅಂಟಿಸಿದ್ಲಾ?" ಅಂತ ಅವರು ಬಿದ್ದು ಬಿದ್ದು ನಕ್ಕರು. ಆ ನಗು ನೋಡಿ ನನಗೆ ಇನ್ನಷ್ಟು ಅಳು ಬಂತು.

ಐದನೇ ದಿನ, ಮಾರ್ಚ್ 8, ಶಿವರಾತ್ರಿ

ಮುಂಡಾಜೆ ದಾಟಿ ಉಜಿರೆಗೆ ಬರುವಷ್ಟರಲ್ಲಿ ರಸ್ತೆ ತುಂಬ ಜನ. ಬೆಂಗಳೂರಿನಿಂದ ಹೊರಟು ವಾರದ ಮೇಲಾದವರು, ಚಿಕ್ಕಮಗಳೂರಿನವರು, ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಂಟುವವರು. ಉಪವಾಸ, ಸುಸ್ತು, ಆದರೂ "ಓಂ ನಮಃ ಶಿವಾಯ" ನಿಲ್ಲುತ್ತಿರಲಿಲ್ಲ.

ನೇತ್ರಾವತಿ ಸ್ನಾನಘಟ್ಟದಲ್ಲಿ ನೀರು ಮೊಣಕಾಲಿನ ಮಟ್ಟ. ಬೊಬ್ಬೆಗಳಿಗೆ ನೀರು ತಾಗಿದಾಗ ಜೀವ ಝುಂ ಅಂತು. ಮುಡಿಪನ್ನು ಕೈಯಲ್ಲೇ ಹಿಡಿದು ಮೂರು ಮುಳುಗು ಹಾಕಿದೆ. ಒಣಗಿ ಗಟ್ಟಿಯಾಗಿದ್ದ ಬಟ್ಟೆ ನೆನೆದು ಮೆತ್ತಗಾಯಿತು. ಅರಿಶಿನದ ಬಣ್ಣ ಬೆರಳ ಸಂದಿಯಲ್ಲಿ ಇಳಿಯಿತು.

ಸಾಲು ಉದ್ದ. ಈ ಊರಿನ ಹಳೆಯ ಹೆಸರು ಕುಡುಮ. ಲಿಂಗ ಶಿವನದು, ಪೂಜೆ ಮಾಡುವವರು ಮಾಧ್ವರು, ನೋಡಿಕೊಳ್ಳುವವರು ಜೈನ ಹೆಗ್ಗಡೆ ಮನೆತನ. ಇದನ್ನೆಲ್ಲ ನನ್ನ ಹಿಂದೆ ನಿಂತಿದ್ದ ಒಬ್ಬರು ಮಗನಿಗೆ ವಿವರಿಸುತ್ತಿದ್ದರು. ಹುಡುಗನಿಗೆ ಬೇಕಾಗಿದ್ದು ದೇವಸ್ಥಾನದ ಆನೆ.

ಬಾಗಿಲ ಹತ್ತಿರ ಬಂದಾಗ, "ಶರ್ಟು, ಬನಿಯನ್ನು ತೆಗೀರಿ" ಅಂದರು. ಗಂಡಸರು ಬರಿಮೈಯಲ್ಲೇ ಒಳಗೆ ಹೋಗಬೇಕು, ಅಲ್ಲಿಯ ಪದ್ಧತಿ. ಗುಂಡಿ ಬಿಚ್ಚುತ್ತಿದ್ದ ನನ್ನ ಕೈ ನಿಂತಿತು.

ಇದೇ ಮಾತನ್ನು ಇನ್ನೊಂದು ಬಾಗಿಲಲ್ಲೂ ಕೇಳಿದ್ದೆ. ಮಗಳ ಉಸಿರು ಒಂದು ಹದಕ್ಕೆ ಬಂದ ಮೇಲೆ ಒಂದು ದಿನ ನರ್ಸ್ ನನ್ನನ್ನು ಒಳಗೆ ಕರೆದು, "ಶರ್ಟ್ ಬಿಚ್ಚಿ ಸರ್, ತಾಯಿಗೆ ಏಳೋಕಾಗಲ್ಲ, ನೀವೇ ಎತ್ಕೊಬೇಕು" ಅಂದಿದ್ದರು. ಕಾಂಗರೂ ಕೇರ್ ಅಂತ ಅದಕ್ಕೆ ಹೆಸರು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ, ಮಕ್ಕಳನ್ನು ತಾಯಂದಿರ ಬರಿ ಎದೆಗೆ ಕಟ್ಟಿದ್ದರಿಂದ ಶುರುವಾದ ಪದ್ಧತಿ. ಅವತ್ತು ನನ್ನ ಎದೆ ಮೇಲೆ ಆ ಮಗುವನ್ನು ಕಪ್ಪೆಯ ಹಾಗೆ ಮಲಗಿಸಿ ಮೇಲೆ ಬಟ್ಟೆ ಹೊದಿಸಿದ್ದರು. ಒಂದು ಗಂಟೆ ಅಲ್ಲಾಡದೆ ಕೂತಿದ್ದೆ. ನನ್ನ ಉಸಿರು ಎಲ್ಲಿ ಜೋರಾಗುತ್ತದೋ ಎಂಬ ಭಯ. ಅವಳಿಗೆ ಏನೂ ಗೊತ್ತಿಲ್ಲ. ಮೆಷಿನ್ ಕೂಗಲಿಲ್ಲ. ನಿದ್ದೆ ಮಾಡಿದಳು.

"ಬೇಗ ಬೇಗ" ಅಂತ ಹಿಂದಿನಿಂದ ನೂಕಿದರು. ಶರ್ಟು ತೆಗೆದು ಹೆಗಲಿಗೆ ಹಾಕಿಕೊಂಡೆ. ಕೈಯಲ್ಲಿದ್ದ ಒದ್ದೆ ಮುಡಿಪು ನೂಕುನುಗ್ಗಲಿನಲ್ಲಿ ಬಿದ್ದುಹೋದೀತು ಅಂತ ಎದೆಗೆ ಒತ್ತಿಕೊಂಡೆ. ದೀಪ, ಹೂವು, ನಡುವೆ ಲಿಂಗ. ನಾಲ್ಕು ಸೆಕೆಂಡ್ ಇರಬಹುದು. ಏನು ಕೇಳಬೇಕು ಅಂತ ದಾರಿಯುದ್ದಕ್ಕೂ ಪಟ್ಟಿ ಮಾಡಿಕೊಂಡಿದ್ದೆ. ಬಾಯಿಗೆ ಬಂದಿದ್ದು "ಬಂದೆ ಕಣಪ್ಪ" ಅಂತ. ಥೇಟ್ ಅಜ್ಜಿಯ ಮಾತಿನ ಧಾಟಿಯಲ್ಲೇ. ಮುಡಿಪನ್ನು ಹುಂಡಿಗೆ ಹಾಕಿದೆ. ಒಳಗೆ ನಾಣ್ಯ ಟಿಣ್ ಅನ್ನಬಹುದು ಅಂದುಕೊಂಡಿದ್ದೆ. ಒದ್ದೆ ಬಟ್ಟೆ, ಸದ್ದೇ ಬರಲಿಲ್ಲ.

ರಾತ್ರಿ ಜಾಗರಣೆ. ಪಂಚಾಕ್ಷರಿ ಪಠಣದ ನಡುವೆ ನಾನು ಕಂಬಕ್ಕೆ ಒರಗಿ ಎರಡು ಮೂರು ಸಲ ತೂಕಡಿಸಿದೆ. ಅಜ್ಜಿ ಕಣ್ಣು ಮುಚ್ಚಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು. ಜಪ ಅಂದುಕೊಂಡು ಸ್ವಲ್ಪ ಹತ್ತಿರ ಬಾಗಿದೆ. ಜಪ ಅಲ್ಲ. "...ಬಾವೀಲಿ ನೀರಿಲ್ಲ, ಹಸ ಮಾರ್ದೆ, ಸೊಸೆ ತವರಿಗೆ ಹೋದ್ಲು, ಮೊಮ್ಮಗ ಆರನೇ ಕ್ಲಾಸು..." ಒಂದು ವರ್ಷದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು. ನಾನು ಮೆಲ್ಲಗೆ ಹಿಂದೆ ಸರಿದು ಕೂತೆ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಐದು ದಿನದ ದಾರಿ ಅರ್ಧ ದಿನದಲ್ಲಿ ಹಿಂದಕ್ಕೆ ಓಡಿತು. ಮನೆ ಬಾಗಿಲಲ್ಲಿ ಮಗಳು ನನ್ನ ಕಾಲಿನ ಬ್ಯಾಂಡೇಜು ಎಣಿಸಿದಳು. "ಒಂದು, ಎಲ್ಡು, ಹತ್ತು." ಸಂಜೆ ಬಟ್ಟೆ ನೆನೆಹಾಕುವಾಗ ಹೆಂಡತಿ ಶರ್ಟು ಎತ್ತಿ ಹಿಡಿದು, "ಇದೇನಿದು, ಒಳಗಡೆ ಎದೆ ಹತ್ರ ಹಳದಿ?" ಅಂದಳು. ಆ ಕಲೆ ಇನ್ನೂ ಹೋಗಿಲ್ಲ.